ಬೇಡವೆಂದ ಸಭೆಯ ಮೊದಲ ಅಧ್ಯಕ್ಷ

1922ರ ಜೂನ್ 9ರಂದು ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಶಾಸನಸಭೆ ಮಾರಿಯೆಹಾಮ್ ಪಟ್ಟಣದಲ್ಲಿ ಮೊದಲ ಬಾರಿಗೆ ಸೇರಿತು. ಸಭಾಧ್ಯಕ್ಷರಾಗಿ ಆಯ್ಕೆಯಾದವರು ಯೂಲಿಯಸ್ ಸುಂಡ್‌ಬ್ಲೂಮ್. ಎರಡು ವರ್ಷದ ಹಿಂದೆ, 1920ರ ಜೂನ್ ಮೊದಲ ವಾರದಲ್ಲಿ, ಫಿನ್ಲೆಂಡ್ ಸರ್ಕಾರ ಇದೇ ಪಟ್ಟಣದಲ್ಲಿ ಅವರನ್ನು ಬಂಧಿಸಿ ತುರ್ಕು ನಗರದ ಜೈಲಿಗೆ ಕಳಿಸಿತ್ತು. ಆರೋಪ ದೇಶದ್ರೋಹದ್ದು. ಯಾವ ಸ್ವಾಯತ್ತತೆ ಕಾಯ್ದೆಯನ್ನು ತಾವು ಮುಟ್ಟುವುದೂ ಇಲ್ಲ ಎಂದು ಅವರು ಹಟ ಹಿಡಿದಿದ್ದರೋ ಅದೇ ಕಾಯ್ದೆಯಿಂದ ಹುಟ್ಟಿದ ಸಭೆ ಇದು. ಆ ಸಭೆಯ ಅಧ್ಯಕ್ಷ ಪೀಠದಲ್ಲಿ ಅವರು 1945ರವರೆಗೆ, ಅಂದರೆ ಬದುಕಿನ ಕೊನೆಯವರೆಗೆ ಕೂತರು.

ಓಲಂಡನ್ನು ಸ್ವೀಡನ್ನಿಗೆ ಸೇರಿಸಬೇಕು ಎನ್ನುವುದು ಸುಂಡ್‌ಬ್ಲೂಮ್ ಅವರ ಹೋರಾಟದ ಒಂದೇ ಗುರಿಯಾಗಿತ್ತು. ಅದು ಕೈಗೂಡಲಿಲ್ಲ. ಯುರೋಪಿನ ಚರಿತ್ರೆ ಬರೆದವರು ಈ ಸೋಲಿನ ತನಕದ ಕಥೆಯನ್ನು ವಿವರವಾಗಿ ಹೇಳಿ, ಲೀಗ್ ಆಫ್ ನೇಷನ್ಸ್ ಒಂದು ಜಗಳವನ್ನು ಶಾಂತಿಯಿಂದ ಬಗೆಹರಿಸಿತು ಎಂದು ಷರಾ ಬರೆದು ಮುಂದೆ ಹೋಗುತ್ತಾರೆ. ನನಗೆ ಆಮೇಲಿನ 23 ವರ್ಷವೂ ಅಷ್ಟೇ ಮುಖ್ಯ ಅನ್ನಿಸುತ್ತದೆ. ತಾನು ಕೇಳದ, ತನ್ನ ಕೈಗೆ ಬಲವಂತವಾಗಿ ಬಂದ ಒಂದು ಪುಟ್ಟ ಶಾಸನಸಭೆಯನ್ನು ಈ ಮನುಷ್ಯ ಬೈದುಕೊಂಡು ಬಿಟ್ಟುಹೋಗಲಿಲ್ಲ. ಅದನ್ನು ಗಟ್ಟಿಯಾಗಿ ಕಟ್ಟಿ ನಿಲ್ಲಿಸಿದರು.

ಓಲಂಡ್ ಎಂದರೆ ಒಂದು ದೊಡ್ಡ ದ್ವೀಪ, ಅದರ ಸುತ್ತ ಚೆಲ್ಲಿಕೊಂಡ ಸಾವಿರಾರು ಸಣ್ಣ ದ್ವೀಪಗಳು, ಬಂಡೆಗಳು. ಜನ ವಾಸ ಮಾಡುವುದು ಅವುಗಳಲ್ಲಿ ಅರವತ್ತರಷ್ಟು ದ್ವೀಪಗಳಲ್ಲಿ ಮಾತ್ರ. ನೆಲದ ಕಲ್ಲು ಕೆಂಪು ಗ್ರಾನೈಟ್. ಅದನ್ನೇ ಪುಡಿ ಮಾಡಿ ಹಾಕಿದ್ದರಿಂದ ರಸ್ತೆಗಳೂ ಕೆಂಪಾಗಿ ಕಾಣುತ್ತವೆ. ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ತೆರೆದ ಸಮುದ್ರ ದಾಟಿದರೆ ಸ್ವೀಡನ್. ಪೂರ್ವಕ್ಕೆ ಫಿನ್ಲೆಂಡಿನ ತೀರದವರೆಗೂ ದ್ವೀಪಗಳ ಸಾಲು. ಜನ ರೈತರು, ಮೀನುಗಾರರು, ಹಡಗಿನ ಕೆಲಸದವರು. ಮೀನು, ಬೆಣ್ಣೆ, ಸೌದೆಯನ್ನು ದೋಣಿಗೆ ತುಂಬಿ ಅವರು ಮಾರಲು ಹೋಗುತ್ತಿದ್ದುದು ಸ್ಟಾಕ್‌ಹೋಮಿಗೆ. ಆಡುವ ಭಾಷೆ ಸ್ವೀಡಿಷ್. ಈಗ ಅಲ್ಲಿನ ಜನಸಂಖ್ಯೆ ಸುಮಾರು 30 ಸಾವಿರ. ನೂರು ವರ್ಷದ ಹಿಂದೆ ಅದಕ್ಕಿಂತ ಕಡಿಮೆ.

ಫಿನ್ಲೆಂಡಿನಂತೆ ಓಲಂಡ್ ಕೂಡ ಶತಮಾನಗಳ ಕಾಲ ಸ್ವೀಡನ್ನಿನ ಭಾಗವಾಗಿತ್ತು. 1809ರಲ್ಲಿ ಯುದ್ಧ ಸೋತ ಸ್ವೀಡನ್ ಎರಡನ್ನೂ ಒಟ್ಟಿಗೆ ರಷ್ಯಾಕ್ಕೆ ಬಿಟ್ಟುಕೊಟ್ಟಿತು. ರಷ್ಯಾದವರು ಬೊಮರ್‌ಸುಂಡ್ ಎಂಬಲ್ಲಿ ದೊಡ್ಡ ಕೋಟೆ ಕಟ್ಟಲು ಹೊರಟರು. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ಆಗಸ್ಟ್‌ನಲ್ಲಿ, ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಅದನ್ನು ಹಿಡಿದು ಒಡೆದುಹಾಕಿದವು. 1856ರ ಪ್ಯಾರಿಸ್ ಒಪ್ಪಂದ ದ್ವೀಪಗಳಲ್ಲಿ ಇನ್ನು ಮುಂದೆ ಕೋಟೆ ಕಟ್ಟಬಾರದು, ಸೈನ್ಯದ ನೆಲೆ ಮಾಡಬಾರದು ಎಂದು ವಿಧಿಸಿತು. ಐದು ವರ್ಷದ ನಂತರ, 1861ರಲ್ಲಿ, ಮಾರಿಯೆಹಾಮ್ ಪಟ್ಟಣ ಹುಟ್ಟಿತು. ಅದಕ್ಕೆ ಇಟ್ಟದ್ದು ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ಪತ್ನಿ ಮರಿಯಾಳ ಹೆಸರು.

ಈ ಪಟ್ಟಣ ಹುಟ್ಟಿ ನಾಲ್ಕು ವರ್ಷಕ್ಕೆ ಸುಂಡ್‌ಬ್ಲೂಮ್ ಹುಟ್ಟಿದರು. ಮೊದಲು ಮೇಷ್ಟರಾಗಿದ್ದವರು 1891ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ದ್ವೀಪದ ಹೆಸರನ್ನೇ ಇಟ್ಟು ‘ಓಲಂಡ್’ ಎಂಬ ಪತ್ರಿಕೆ ಶುರು ಮಾಡಿದರು. ಕೊನೆಯವರೆಗೂ ಅದರ ಸಂಪಾದಕರಾಗಿದ್ದರು. ಚದುರಿದ ದ್ವೀಪಗಳಲ್ಲಿ, ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿ ಓಡಾಟವೇ ಕಷ್ಟವಾಗುವ ಜಾಗದಲ್ಲಿ, ಒಂದು ಪತ್ರಿಕೆ ಏನು ಮಾಡಬಲ್ಲದು ಎಂಬುದನ್ನು ಅವರಷ್ಟು ಚೆನ್ನಾಗಿ ಅರಿತವರು ಅಲ್ಲಿರಲಿಲ್ಲ. ಅದುವರೆಗೆ ತಮ್ಮ ತಮ್ಮ ಊರಿನ ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದ ಜನರಿಗೆ ‘ನಾವೆಲ್ಲ ಓಲಂಡಿನವರು’ ಎಂಬ ಭಾವನೆ ಬೆಳೆಸಿದ್ದರಲ್ಲಿ ಈ ಪತ್ರಿಕೆಯ ಪಾಲು ದೊಡ್ಡದು. 1895ರಲ್ಲಿ ಫಿನ್‌ಸ್ಟ್ರೋಮ್ ಎಂಬ ಹಳ್ಳಿಯಲ್ಲಿ ರೈತರ ಮಕ್ಕಳಿಗಾಗಿ ಜಾನಪದ ಪ್ರೌಢಶಾಲೆ ತೆರೆದಾಗಲೂ ಅವರು ಮುಂಚೂಣಿಯಲ್ಲಿದ್ದರು. ಮುಂದೆ ಓಲಂಡಿನ ಚರಿತ್ರೆ ತಿರುಗಿದ್ದು ಆ ಶಾಲೆಯ ಕಟ್ಟಡದಲ್ಲೇ.

ಅವರು ಕಲಿತ ರಾಜಕೀಯ ಪಾಠಗಳು ಫಿನ್ಲೆಂಡಿನವೇ ಎಂಬುದನ್ನು ಮರೆಯಬಾರದು. 1899ರಲ್ಲಿ ಚಕ್ರವರ್ತಿ ಎರಡನೇ ನಿಕೊಲಸ್ ಫಿನ್ಲೆಂಡಿನ ಸ್ವಂತ ಆಡಳಿತವನ್ನು ಮೊಟಕು ಮಾಡುವ ಘೋಷಣೆ ಹೊರಡಿಸಿದಾಗ ಅಲ್ಲಿನ ಜನ ಐದು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ಸೇಂಟ್ ಪೀಟರ್ಸ್‌ಬರ್ಗಿಗೆ ಒಯ್ದರು. ಚಕ್ರವರ್ತಿ ನಿಯೋಗವನ್ನು ಭೇಟಿ ಮಾಡಲಿಲ್ಲ. ಆದರೆ ಮನೆಮನೆಗೆ ಹೋಗಿ ಸಹಿ ಪಡೆಯುವುದು, ಅದನ್ನು ಜಗತ್ತಿನ ಮುಂದೆ ಇಡುವುದು, ಈ ದಾರಿ ಎಲ್ಲರಿಗೂ ಗೊತ್ತಾಯಿತು. 1906ರಲ್ಲಿ ಫಿನ್ಲೆಂಡಿಗೆ ಒಂದೇ ಮನೆಯ ಸಂಸತ್ತು ಬಂತು. ಗಂಡಸರಿಗೂ ಹೆಂಗಸರಿಗೂ ಮತದಾನದ ಹಕ್ಕು ಸಿಕ್ಕಿತು. ಸುಂಡ್‌ಬ್ಲೂಮ್ ಸ್ವೀಡಿಷ್ ಪೀಪಲ್ಸ್ ಪಾರ್ಟಿಯಿಂದ ಆ ಸಂಸತ್ತಿನಲ್ಲೂ ಕೂತವರು. ಶಾಸನಸಭೆಯ ನಡಾವಳಿ ಅವರಿಗೆ ಹೊಸದಾಗಿರಲಿಲ್ಲ.

ಅವರ ಭಯ ಭಾಷೆಯದು. ಆಗ ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತಾಡುತ್ತಿದ್ದವರು ಹತ್ತರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಫಿನ್ನಿಷ್ ಭಾಷೆಯ ಚಳವಳಿ ಬಲವಾಗುತ್ತಿತ್ತು, ಅದು ಬಲವಾಗಲು ನ್ಯಾಯವಾದ ಕಾರಣಗಳೂ ಇದ್ದವು. ಶತಮಾನಗಳ ಕಾಲ ಆಡಳಿತದಿಂದ, ವಿದ್ಯೆಯಿಂದ ಹೊರಗಿಟ್ಟಿದ್ದ ಭಾಷೆ ಅದು. ಆದರೆ ಸಮುದ್ರದ ನಡುವಿನ ಇಪ್ಪತ್ತು ಸಾವಿರದಷ್ಟು ಜನರಿಗೆ ಆ ದೊಡ್ಡ ನ್ಯಾಯದ ಲೆಕ್ಕಾಚಾರದಲ್ಲಿ ತಮ್ಮ ಶಾಲೆ ಏನಾದೀತು, ಹೊಲ ಯಾರ ಕೈಗೆ ಹೋದೀತು ಎಂಬ ಚಿಂತೆ ಸಹಜವಾಗಿತ್ತು.

ಮೊದಲ ಮಹಾಯುದ್ಧದಲ್ಲಿ ರಷ್ಯಾ 1856ರ ಮಾತನ್ನು ಬದಿಗಿಟ್ಟು ಓಲಂಡಿನಲ್ಲಿ ಮತ್ತೆ ತೋಪುಗಳನ್ನು ನಿಲ್ಲಿಸಿತು, ಸೈನ್ಯ ಇಳಿಸಿತು. 1917ರ ವಸಂತದಲ್ಲಿ ಚಕ್ರವರ್ತಿಯ ಆಳ್ವಿಕೆ ಕುಸಿಯಿತು. ಆ ವರ್ಷ ಆಗಸ್ಟ್ 20ರಂದು ಓಲಂಡಿನ ಊರೂರಿನ ಪ್ರತಿನಿಧಿಗಳು ಫಿನ್‌ಸ್ಟ್ರೋಮಿನ ಶಾಲೆಯಲ್ಲಿ ಗುಟ್ಟಾಗಿ ಸೇರಿದರು. ದ್ವೀಪದ ತುಂಬ ರಷ್ಯನ್ ಸೈನಿಕರಿದ್ದರು, ಫಿನ್ಲೆಂಡ್ ಇನ್ನೂ ಸ್ವತಂತ್ರವಾಗಿರಲಿಲ್ಲ. ಸ್ವೀಡನ್ನಿನ ಜೊತೆ ಮತ್ತೆ ಸೇರುವುದು ಓಲಂಡಿನ ಜನರ ಇಚ್ಛೆ ಎಂಬುದನ್ನು ಸ್ವೀಡನ್ನಿನ ದೊರೆಗೂ ಸರ್ಕಾರಕ್ಕೂ ತಿಳಿಸಬೇಕೆಂದು ಆ ಸಭೆ ತೀರ್ಮಾನಿಸಿತು. ಇದರ ಹಿಂದಿದ್ದ ಇಬ್ಬರು ಸುಂಡ್‌ಬ್ಲೂಮ್ ಮತ್ತು ಕಾರ್ಲ್ ಬ್ಯೋರ್ಕ್‌ಮನ್. ಒಬ್ಬರು ಸಂಪಾದಕರು, ಜನರ ನಡುವೆ ಮಾತಿನ ಬಲದಿಂದ ಬೆಳೆದವರು. ಇನ್ನೊಬ್ಬರು ಕಾನೂನು ಬಲ್ಲವರು, ಕಾಗದಪತ್ರದಲ್ಲಿ ಗಟ್ಟಿ. ಮುಂದಿನ ಇಪ್ಪತ್ತು ವರ್ಷ ಈ ಜೋಡಿಯನ್ನು ಬಿಟ್ಟು ಓಲಂಡಿನ ರಾಜಕಾರಣ ಹೇಳಲು ಬರುವುದಿಲ್ಲ.

ಡಿಸೆಂಬರ್ 6ರಂದು ಫಿನ್ಲೆಂಡ್ ಸ್ವಾತಂತ್ರ್ಯ ಘೋಷಿಸಿತು. ಅದೇ ತಿಂಗಳ ಕೊನೆಯಲ್ಲಿ ಓಲಂಡಿನಲ್ಲಿ ಸಹಿ ಸಂಗ್ರಹ ನಡೆಯಿತು. ಏಳು ಸಾವಿರಕ್ಕೂ ಹೆಚ್ಚು ವಯಸ್ಕರು, ಊರಲ್ಲಿದ್ದವರಲ್ಲಿ ಬಹುಪಾಲು ಎಲ್ಲರೂ, ಸ್ವೀಡನ್ ಬೇಕೆಂದು ರುಜು ಹಾಕಿದರು. ಇಲ್ಲಿ ಒಂದು ಮಾತು ಹೇಳಬೇಕು. ಗುಪ್ತ ಮತದಾನ ಬೇರೆ, ಊರಿನ ದೊಡ್ಡವರು ಮುಂದೆ ನಿಂತಿರುವಾಗ ಕಾಗದದ ಮೇಲೆ ಹೆಸರು ಬರೆಯುವುದು ಬೇರೆ. ಬೇಡ ಎನ್ನುವವನಿಗೆ ನೆರೆಯವರ ಮುಖ ನೋಡುವುದು ಕಷ್ಟವಾಗಿರುತ್ತದೆ. ಫಿನ್ಲೆಂಡಿನವರು ಈ ಆಕ್ಷೇಪ ಎತ್ತಿದ್ದರಲ್ಲಿ ಹುರುಳಿದೆ. ಆದರೆ 1919ರ ಜೂನ್‌ನಲ್ಲಿ ಮತ್ತೊಮ್ಮೆ ಜನಮತ ಕೇಳಿದಾಗಲೂ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಅದೇ ಉತ್ತರ ಕೊಟ್ಟರು. ಒತ್ತಡ, ಸಂಕೋಚ ಎಲ್ಲ ಕಳೆದರೂ ದ್ವೀಪದ ಮನಸ್ಸು ಎತ್ತ ಇತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

1918ರ ಫೆಬ್ರವರಿ ಮೊದಲಲ್ಲಿ ಓಲಂಡಿನ ನಿಯೋಗ ಸ್ಟಾಕ್‌ಹೋಮಿನಲ್ಲಿ ದೊರೆ ಐದನೇ ಗುಸ್ತಾವ್ ಅವರ ಮುಂದೆ ಮನವಿ ಇಟ್ಟಿತು. ಆ ಹೊತ್ತಿಗೆ ಫಿನ್ಲೆಂಡಿನಲ್ಲಿ ಕೆಂಪು ಪಡೆ, ಬಿಳಿ ಪಡೆಗಳ ಅಂತರ್ಯುದ್ಧ ಹತ್ತಿಕೊಂಡಿತ್ತು. ಅದೇ ತಿಂಗಳು ಸ್ವೀಡನ್ನಿನ ಪಡೆ ದ್ವೀಪಕ್ಕೆ ಬಂತು. ಮಾರ್ಚ್‌ನಲ್ಲಿ ಜರ್ಮನ್ ಸೈನ್ಯ ಇಳಿಯಿತು. ಕೆಲವೇ ವಾರಗಳಲ್ಲಿ ರಷ್ಯನ್, ಫಿನ್ನಿಷ್, ಸ್ವೀಡಿಷ್, ಜರ್ಮನ್ ಸಮವಸ್ತ್ರಗಳೆಲ್ಲ ಅಲ್ಲಿನ ಕೆಂಪು ರಸ್ತೆಗಳ ಮೇಲೆ ಓಡಾಡಿದವು. ಈ ಗೊಂದಲದ ನಡುವೆ ಓಲಂಡಿನವರು ಯಾರ ಅಪ್ಪಣೆಗೂ ಕಾಯದೆ ತಮ್ಮದೇ ಒಂದು ಪ್ರತಿನಿಧಿ ಸಭೆ ಮಾಡಿಕೊಂಡರು. ಅದಕ್ಕೆ ಕಾನೂನಿನ ಬಲ ಇರಲಿಲ್ಲ. ಅಧ್ಯಕ್ಷರು ಸುಂಡ್‌ಬ್ಲೂಮ್.

1919ರಲ್ಲಿ ಅವರು ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೂ ಹೋದರು. ಅಮೆರಿಕದ ಅಧ್ಯಕ್ಷ ವಿಲ್ಸನ್ ಅವರ ಭಾಷಣಗಳಿಂದಾಗಿ, ಯಾವ ದೇಶಕ್ಕೆ ಸೇರಬೇಕೆಂದು ಜನರೇ ತೀರ್ಮಾನಿಸಬೇಕು ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ಆ ಮಾತನ್ನು ನಂಬಿ ಪ್ಯಾರಿಸ್ಸಿಗೆ ಬಂದ ಸಣ್ಣ ಜನಾಂಗಗಳ ನಿಯೋಗಗಳು ಬೇಕಾದಷ್ಟು. ಹೆಚ್ಚಿನವು ಬರಿಗೈಲಿ ಮರಳಿದವು. ಓಲಂಡಿನ ವಿಷಯವೂ ಅಲ್ಲಿ ಇತ್ಯರ್ಥವಾಗಲಿಲ್ಲ.

ಸುಂಡ್‌ಬ್ಲೂಮ್ ಅವರಿಗೆ ಇನ್ನೂ ನೋವಾಗಿದ್ದಿರಬೇಕಾದ ವಿರೋಧ ಬಂದದ್ದು ಸ್ವಂತ ಭಾಷೆಯವರಿಂದ. ಫಿನ್ಲೆಂಡಿನ ಒಳನಾಡಿನ, ಕರಾವಳಿಯ ಸ್ವೀಡಿಷ್ ಮಾತಿನ ನಾಯಕರಿಗೆ ಓಲಂಡ್ ಬಿಟ್ಟುಹೋಗುವುದು ಬೇಕಿರಲಿಲ್ಲ. ಪೂರ್ತಿ ಸ್ವೀಡಿಷ್ ಮಾತಾಡುವ ಒಂದು ಪ್ರದೇಶ ಹೊರಟುಹೋದರೆ ಉಳಿದ ತಮ್ಮ ಸಂಖ್ಯೆ ಇನ್ನೂ ಕುಗ್ಗುತ್ತದೆ, ತಮ್ಮ ದನಿ ಇನ್ನೂ ಸಣ್ಣದಾಗುತ್ತದೆ ಎಂಬುದು ಅವರ ಲೆಕ್ಕ. ಅದು ತಪ್ಪು ಲೆಕ್ಕವೇನಲ್ಲ. ಹೆಲ್ಸಿಂಕಿಯ ಸಂಸತ್ತಿನಲ್ಲಿ ಒಂದೇ ಸಾಲಿನಲ್ಲಿ ಕೂತಿದ್ದವರು ಹೀಗೆ ಎದುರಾಳಿಗಳಾದರು.

1920ರ ಮೇ 6ರಂದು ಫಿನ್ಲೆಂಡಿನ ಸಂಸತ್ತು ಓಲಂಡಿಗೆ ಸ್ವಾಯತ್ತತೆ ಕೊಡುವ ಕಾಯ್ದೆ ಅಂಗೀಕರಿಸಿತು. ಸ್ವಂತ ಶಾಸನಸಭೆ, ಸ್ವಂತ ಕಾರ್ಯಾಂಗ, ಕಡ್ಡಾಯ ಸೈನಿಕ ಸೇವೆಯಿಂದ ವಿನಾಯಿತಿ, ಬೇಕಾದರೆ ಅದರ ಬದಲು ದೀಪಸ್ತಂಭ ಮತ್ತು ಹಡಗಿಗೆ ದಾರಿ ತೋರುವ ಪೈಲಟ್ ಇಲಾಖೆಯಲ್ಲಿ ಕೆಲಸ. ಆ ಕಾಲಕ್ಕೆ ಇದು ಉದಾರವಾದ ಕಾಯ್ದೆ. ಓಲಂಡಿನ ಮುಖಂಡರು ಮುಖ ತಿರುಗಿಸಿದರು. ಇದನ್ನು ಒಪ್ಪಿದರೆ ಫಿನ್ಲೆಂಡಿನ ಒಡೆತನವನ್ನೇ ಒಪ್ಪಿದಂತೆ, ಸ್ವೀಡನ್ನಿನ ಬಾಗಿಲು ಮುಚ್ಚಿದಂತೆ ಎಂಬುದು ಅವರ ವಾದ. ಜೂನ್ 4ರಂದು ಪ್ರಧಾನಿ ರಾಫಾಯೆಲ್ ಎರಿಕ್ ತಾವೇ ಮಾರಿಯೆಹಾಮಿಗೆ ಬಂದು ಪ್ರತಿನಿಧಿಗಳನ್ನು ಕಂಡು ಕಾಯ್ದೆಯನ್ನು ಮುಂದಿಟ್ಟರು. ಉತ್ತರ ಬದಲಾಗಲಿಲ್ಲ. ಮರುದಿನ ಸುಂಡ್‌ಬ್ಲೂಮ್ ಮತ್ತು ಬ್ಯೋರ್ಕ್‌ಮನ್ ಇಬ್ಬರನ್ನೂ ಬಂಧಿಸಲಾಯಿತು.

ಫಿನ್ಲೆಂಡ್ ಮಾಡಿದ ದೊಡ್ಡ ತಪ್ಪು ಇದು. ಅದುವರೆಗೆ ತನ್ನ ಮನೆಯ ವಿಷಯ ಎಂದು ಹೇಳಿಕೊಳ್ಳುತ್ತಿದ್ದದ್ದು ಒಂದೇ ದಿನದಲ್ಲಿ ಯುರೋಪಿನ ವಿಷಯವಾಯಿತು. ಸ್ವೀಡನ್ ಪ್ರತಿಭಟಿಸಿತು, ಪತ್ರಿಕೆಗಳು ಕೂಗೆಬ್ಬಿಸಿದವು. ಎರಡು ವಾರದೊಳಗೆ, ಜೂನ್ 19ರಂದು, ಬ್ರಿಟನ್ನಿನ ವಿದೇಶಾಂಗ ಮಂತ್ರಿ ಲಾರ್ಡ್ ಕರ್ಜನ್ ಈ ವಿವಾದವನ್ನು ಲೀಗ್ ಆಫ್ ನೇಷನ್ಸ್ ಮುಂದೆ ತಂದರು. ಬಂಗಾಳವನ್ನು ಒಡೆದ ವೈಸ್‌ರಾಯ್ ಎಂದು ನಮಗೆ ಗೊತ್ತಿರುವ ಅದೇ ಕರ್ಜನ್. ಲೀಗ್ ಹುಟ್ಟಿ ಆರು ತಿಂಗಳೂ ಆಗಿರಲಿಲ್ಲ. ಅದಕ್ಕೆ ಬಂದ ಮೊದಲ ಗಂಭೀರ ಪ್ರಕರಣಗಳಲ್ಲಿ ಓಲಂಡ್ ಒಂದಾಯಿತು. ಇತ್ತ ಇಬ್ಬರು ಮುಖಂಡರ ಮೇಲೆ ಮೊಕದ್ದಮೆ ನಡೆದು ಶಿಕ್ಷೆಯೂ ಆಯಿತು. ಆಮೇಲೆ ಕ್ಷಮಾದಾನ ಸಿಕ್ಕಿತು.

ಲಂಡನ್ನಿನಲ್ಲಿ ಸೇರಿದ ಲೀಗಿನ ಮಂಡಳಿಯ ಮುಂದೆ ಸ್ವೀಡನ್ ಪರವಾಗಿ ಯಾಲ್ಮರ್ ಬ್ರಾಂಟಿಂಗ್, ಫಿನ್ಲೆಂಡ್ ಪರವಾಗಿ ಕಾರ್ಲ್ ಎಂಕೆಲ್ ವಾದಿಸಿದರು. ಇದು ನಮ್ಮ ಆಂತರಿಕ ವಿಷಯ, ಲೀಗಿಗೆ ಅಧಿಕಾರವಿಲ್ಲ ಎಂದಿತು ಫಿನ್ಲೆಂಡ್. ಮೂವರು ನ್ಯಾಯಶಾಸ್ತ್ರಜ್ಞರ ಸಮಿತಿ ಈ ಪ್ರಶ್ನೆಯನ್ನು ನೋಡಿ, ವಿವಾದ ಹುಟ್ಟಿದಾಗ ಫಿನ್ಲೆಂಡ್ ಇನ್ನೂ ನೆಲೆಯೂರಿದ ರಾಷ್ಟ್ರವಾಗಿರಲಿಲ್ಲ, ಆದ್ದರಿಂದ ಲೀಗ್ ಕೈಹಾಕಬಹುದು ಎಂದಿತು. ಆಮೇಲೆ ಇನ್ನೊಂದು ಮೂವರ ಆಯೋಗ ಬಂತು. ಬೆಲ್ಜಿಯಂನ ಬೇಯೆನ್ಸ್, ಸ್ವಿಟ್ಜರ್ಲೆಂಡಿನ ಮಾಜಿ ಅಧ್ಯಕ್ಷ ಕಲೊಂಡರ್, ಅಮೆರಿಕದ ಎಲ್ಕಸ್. ಇವರು ಎರಡೂ ದೇಶಗಳಿಗೆ ಹೋದರು, ಓಲಂಡಿಗೂ ಬಂದರು, ಜನರನ್ನು ಕೇಳಿದರು. 1921ರ ಏಪ್ರಿಲ್‌ನಲ್ಲಿ ಇವರು ಕೊಟ್ಟ ವರದಿ ಸುಂಡ್‌ಬ್ಲೂಮ್ ಅವರ ಆಸೆಗೆ ತಣ್ಣೀರು ಎರಚಿತು.

ಅದರ ತಿರುಳು ಇಷ್ಟು. ಓಲಂಡಿನ ಜನ ಸ್ವೀಡನ್ ಬಯಸುವುದು ನಿಜ, ಭಾಷೆ ಕಳೆದುಕೊಳ್ಳುವ ಅವರ ಭಯವೂ ನಿಜ. ಆದರೆ ದೇಶದೊಳಗಿನ ಒಂದು ಸಣ್ಣ ಗುಂಪು ತನಗೆ ಬೇಕೆನಿಸಿದಾಗ ಬೇರೆಯಾಗಬಹುದು ಎಂದು ಒಪ್ಪಿದರೆ ಯಾವ ರಾಷ್ಟ್ರವೂ ನಿಲ್ಲುವುದಿಲ್ಲ. ಬೇರೆಯಾಗುವುದು ಕೊಟ್ಟ ಕೊನೆಯ ಮದ್ದು. ರಾಷ್ಟ್ರ ಆ ಜನರಿಗೆ ನ್ಯಾಯವಾದ ರಕ್ಷಣೆ ಕೊಡಲು ಒಪ್ಪದಿದ್ದಾಗ, ಅಥವಾ ಕೊಡಲು ಅದಕ್ಕೆ ಶಕ್ತಿ ಇಲ್ಲದಿದ್ದಾಗ ಮಾತ್ರ ಅದರ ಮಾತೆತ್ತಬಹುದು. ಆದ್ದರಿಂದ ದ್ವೀಪಗಳು ಫಿನ್ಲೆಂಡಿನಲ್ಲೇ ಇರಲಿ, ಫಿನ್ಲೆಂಡ್ ಇನ್ನಷ್ಟು ಗಟ್ಟಿಯಾದ ಖಾತರಿ ಕೊಡಲಿ. ಕೊಡದಿದ್ದರೆ ಜನಮತಗಣನೆಯ ದಾರಿ ತೆರೆದಿರುತ್ತದೆ. ಇವತ್ತಿಗೂ ಜಗತ್ತಿನಲ್ಲಿ ಬೇರೆ ರಾಷ್ಟ್ರ ಕೇಳುವವರ ವಿಷಯ ಚರ್ಚೆಗೆ ಬಂದಾಗ ಅಂತರರಾಷ್ಟ್ರೀಯ ಕಾನೂನಿನವರು ಈ ವರದಿಯ ಕಡೆ ಕೈ ತೋರುತ್ತಾರೆ.

ಮಂಡಳಿಯ ತೀರ್ಪು ಬಂದದ್ದು ಜಿನೀವಾದಲ್ಲಿ, 1921ರ ಜೂನ್ 24ರಂದು. ಆಗಿನ ಪಂಚಾಂಗದ ಪ್ರಕಾರ ಅದು ಓಲಂಡಿನವರ ನಡುಬೇಸಿಗೆಯ ಹಬ್ಬದ ದಿನ. ವರ್ಷದ ದೊಡ್ಡ ಹಬ್ಬ ಅದು. ಊರೂರಲ್ಲಿ ಎಲೆ, ಹೂ, ಕಾಗದದ ತೋರಣ, ಪುಟ್ಟ ಹಾಯಿಹಡಗುಗಳಿಂದ ಸಿಂಗರಿಸಿದ ಎತ್ತರದ ಕಂಬವನ್ನು ನಾಲ್ಕಾರು ಜನ ಹೆಗಲು ಕೊಟ್ಟು ಎತ್ತಿ ನಿಲ್ಲಿಸುವ ಹೊತ್ತು. ಆ ದಿನವೇ ದ್ವೀಪಗಳು ಫಿನ್ಲೆಂಡಿಗೆ ಸೇರಿದವು ಎಂಬ ನಿರ್ಣಯವಾಯಿತು. ಸ್ವೀಡನ್ ನಿರಾಸೆ ಹೇಳಿಕೊಂಡು ತೀರ್ಪಿಗೆ ತಲೆಬಾಗಿತು. ಓಲಂಡಿನವರಿಗೆ ಮೇಲ್ಮನವಿ ಹಾಕುವ ಜಾಗ ಉಳಿದಿರಲಿಲ್ಲ.

ಮೂರು ದಿನದ ನಂತರ, ಜೂನ್ 27ರಂದು, ಎರಡೂ ದೇಶಗಳು ಖಾತರಿಗಳ ವಿವರಕ್ಕೆ ಒಪ್ಪಿದವು. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಸುಂಡ್‌ಬ್ಲೂಮ್ ಮುಂದೆ ಕೈಗೆತ್ತಿಕೊಂಡ ಸಲಕರಣೆಗಳೆಲ್ಲ ಈ ಕಾಗದದಲ್ಲಿವೆ. ಸರ್ಕಾರದ ಅಥವಾ ಊರಾಡಳಿತದ ಹಣದಲ್ಲಿ ನಡೆಯುವ ಪ್ರಾಥಮಿಕ ಶಾಲೆಗಳಲ್ಲಿ ಸ್ವೀಡಿಷ್‌ನಲ್ಲೇ ಪಾಠ. ಊರಿನವರು ಒಪ್ಪದೆ ಫಿನ್ನಿಷ್ ಶಾಲೆಯ ಖರ್ಚು ಅವರ ಮೇಲೆ ಬೀಳುವಂತಿಲ್ಲ. ದ್ವೀಪದಲ್ಲಿ ನೆಲೆಸದವರಿಗೆ ಯಾರಾದರೂ ಜಮೀನು ಮಾರಿದರೆ ಅದನ್ನು ನ್ಯಾಯಾಲಯ ಗೊತ್ತುಮಾಡಿದ ಬೆಲೆಗೆ ಮರಳಿ ಕೊಳ್ಳುವ ಹಕ್ಕು ದ್ವೀಪದ ನಿವಾಸಿಗೆ, ಊರಿಗೆ ಅಥವಾ ಪ್ರಾಂತಕ್ಕೆ. ಹೊರಗಿನಿಂದ ಬಂದು ನೆಲೆಸಿದವರಿಗೆ ಐದು ವರ್ಷ ತುಂಬುವ ತನಕ ಸ್ಥಳೀಯ ಚುನಾವಣೆಯಲ್ಲಿ ಮತವಿಲ್ಲ. ಇದಕ್ಕೆಲ್ಲ ಲೀಗಿನ ಕಾವಲು. ದೂರಿದ್ದರೆ ಓಲಂಡಿನ ಶಾಸನಸಭೆ ಅದನ್ನು ಫಿನ್ಲೆಂಡ್ ಸರ್ಕಾರದ ಮೂಲಕವೇ ಜಿನೀವಾಕ್ಕೆ ಮುಟ್ಟಿಸಬಹುದು.

ಇನ್ನೊಂದು ಕಲಮು ರಾಜ್ಯಪಾಲರದ್ದು. ಹೆಲ್ಸಿಂಕಿಯ ಪ್ರತಿನಿಧಿಯಾಗಿ ಓಲಂಡಿನಲ್ಲಿ ಕೂರುವ ರಾಜ್ಯಪಾಲರನ್ನು ಫಿನ್ಲೆಂಡಿನ ರಾಷ್ಟ್ರಪತಿ ನೇಮಿಸುತ್ತಾರೆ. ಆದರೆ ಓಲಂಡ್ ಶಾಸನಸಭೆಯ ಅಧ್ಯಕ್ಷರ ಒಪ್ಪಿಗೆ ಬೇಕು. ಇಬ್ಬರಿಗೂ ಹೊಂದಾಣಿಕೆಯಾಗದಿದ್ದರೆ ಸಭೆ ಸೂಚಿಸುವ ಐದು ಹೆಸರುಗಳಲ್ಲಿ ಒಂದನ್ನು ರಾಷ್ಟ್ರಪತಿ ಆರಿಸಬೇಕು. ಅಂದರೆ 1922ರ ಜೂನ್‌ನಲ್ಲಿ ಸುಂಡ್‌ಬ್ಲೂಮ್ ಅಧ್ಯಕ್ಷರಾದ ಕ್ಷಣದಿಂದ, ರಾಷ್ಟ್ರಪತಿ ಸ್ಟೋಲ್‌ಬರ್ಗ್ ಓಲಂಡಿಗೆ ಯಾರನ್ನು ಕಳಿಸಬೇಕೆಂದರೂ, ತಮ್ಮ ಗಣರಾಜ್ಯವೇ ದೇಶದ್ರೋಹಿ ಎಂದು ಶಿಕ್ಷೆ ಕೊಟ್ಟಿದ್ದ ಈ ಮನುಷ್ಯನನ್ನು ಕೇಳಬೇಕಾಯಿತು. ಫಿನ್ಲೆಂಡ್ ಈ ಕಲಮನ್ನು ಪಾಲಿಸಿತು ಎಂಬುದನ್ನು ಅದರ ಘನತೆಯ ಲೆಕ್ಕಕ್ಕೆ ಸೇರಿಸಬೇಕು.

1921ರ ಅಕ್ಟೋಬರ್ 20ರಂದು ಹತ್ತು ದೇಶಗಳು ಸಹಿ ಹಾಕಿದ ಇನ್ನೊಂದು ಒಪ್ಪಂದ ದ್ವೀಪಗಳನ್ನು ಸೈನ್ಯರಹಿತ ಪ್ರದೇಶವೆಂದೂ, ಯುದ್ಧದಲ್ಲಿ ಯಾರ ಪಕ್ಷಕ್ಕೂ ಸೇರದ ಪ್ರದೇಶವೆಂದೂ ಸಾರಿತು. ಸೋವಿಯತ್ ರಷ್ಯಾವನ್ನು ಅದಕ್ಕೆ ಕರೆದಿರಲಿಲ್ಲ. ಹದಿನೆಂಟು ವರ್ಷದ ಮೇಲೆ ಆ ಕೊರತೆ ಎದ್ದು ಕಂಡಿತು.

ಈಗ ಓಲಂಡಿನವರ ಮುಂದೆ ಎರಡು ದಾರಿ. ಚುನಾವಣೆಯನ್ನು ಬಹಿಷ್ಕರಿಸಿ, ಸಭೆಯನ್ನು ಹುಟ್ಟಲು ಬಿಡದೆ, ಕಾಯ್ದೆಯನ್ನು ಕಾಗದದಲ್ಲೇ ಕೊಳೆಯಲು ಬಿಡುವುದು ಒಂದು. ಅದನ್ನೇ ಹಿಡಿದು ಕೆಲಸಕ್ಕೆ ಹಚ್ಚುವುದು ಇನ್ನೊಂದು. ಮನಸ್ಸು ಮುರಿದುಕೊಂಡ ಜನ ಮೊದಲನೆಯ ದಾರಿ ಹಿಡಿದಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಅವರು ಎರಡನೆಯದನ್ನು ಹಿಡಿದರು. ಸುಂಡ್‌ಬ್ಲೂಮ್ ಸಭಾಧ್ಯಕ್ಷರಾದರು, ಬ್ಯೋರ್ಕ್‌ಮನ್ ಕಾರ್ಯಾಂಗದ ಮುಖ್ಯಸ್ಥರಾದರು. ಬ್ಯೋರ್ಕ್‌ಮನ್ 1938ರವರೆಗೂ ಆ ಸ್ಥಾನದಲ್ಲಿದ್ದರು. ಜೈಲಿಗೆ ಜೊತೆಯಾಗಿ ಹೋದ ಇಬ್ಬರೂ ಆಡಳಿತಕ್ಕೂ ಜೊತೆಯಾಗಿಯೇ ಬಂದರು. ಅದೇ 1922ರಲ್ಲಿ ದ್ವೀಪಕ್ಕೆ ತನ್ನದೇ ಹಾಡೂ ಬಂತು. ಸಾಹಿತ್ಯ ಯೂನ್ ಗ್ರಂಡೆಲ್ ಅವರದು, ರಾಗ ಹೆಡ್‌ಮನ್ ಅವರದು. ಇಂದಿಗೂ ಓಲಂಡಿನ ನಾಡಗೀತೆ ಅದೇ.

ಮುಂದಿನ ವರ್ಷಗಳ ಕೆಲಸ ಮೇಲ್ನೋಟಕ್ಕೆ ಸಪ್ಪೆ. ಶಾಲೆ, ಆರೋಗ್ಯ, ಊರಾಡಳಿತ, ದ್ವೀಪದೊಳಗಿನ ಸಂಚಾರ ಇವುಗಳ ಮೇಲೆ ಕಾನೂನು ಮಾಡುವುದು. ಮಾಡಿದ ಪ್ರತಿ ಕಾನೂನನ್ನೂ ಹೆಲ್ಸಿಂಕಿಗೆ ಕಳಿಸುವುದು. ಸಭೆ ತನ್ನ ಅಧಿಕಾರದ ಗೆರೆ ದಾಟಿದೆ ಎನಿಸಿದರೆ ರಾಷ್ಟ್ರಪತಿ ಅದನ್ನು ತಡೆಯಬಹುದಿತ್ತು. ಗೆರೆ ಎಲ್ಲಿದೆ ಎಂಬುದನ್ನು ಒಂದೊಂದು ಮಸೂದೆ ಹಿಡಿದು, ಒಂದೊಂದು ತಕರಾರು ಎತ್ತಿ ಗೊತ್ತುಮಾಡಿಕೊಳ್ಳಬೇಕಾಗಿತ್ತು. ದೊಡ್ಡ ಭಾಷಣಗಳಿಗೆ ಅಲ್ಲಿ ಜಾಗ ಕಡಿಮೆ. ಹೊಸ ಅಣೆಕಟ್ಟಿನ ಹಿಂದೆ ನೀರು ನಿಲ್ಲುವಂತೆ ಅಧಿಕಾರ ನಿಧಾನವಾಗಿ ನಿಂತಿತು. ಹತ್ತು ವರ್ಷ ಕಳೆಯುವ ಹೊತ್ತಿಗೆ, ಇದು ಫಿನ್ಲೆಂಡ್ ಕೊಟ್ಟ ಸಭೆ ಎನ್ನುತ್ತಿದ್ದವರು ನಮ್ಮ ಸಭೆ ಎನ್ನತೊಡಗಿದ್ದರು. ಸ್ವೀಡನ್ನಿನ ಆಸೆಯನ್ನು ಬಿಟ್ಟುಕೊಡದ ಒಬ್ಬ ಮುಖಂಡ ಆ ಪೀಠದಲ್ಲಿ ಕೂತಿದ್ದರಿಂದಲೇ ಜನ ಸಭೆಯನ್ನು ನಂಬಿದರು ಎಂದು ನಾನು ತಿಳಿಯುತ್ತೇನೆ. ಹೆಲ್ಸಿಂಕಿಗೆ ಬೇಕಾದ ಮೆದು ಮನುಷ್ಯ ಯಾರಾದರೂ ಅಲ್ಲಿದ್ದಿದ್ದರೆ ಓಲಂಡಿನ ರೈತ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

  

ಸುಂಡ್‌ಬ್ಲೂಮ್ ಅವರನ್ನು ಜನ ‘ಓಲಂಡಿನ ರಾಜ’ ಎಂದು ಕರೆದರು. ಅಭಿಮಾನದ ಮಾತು ಅದು, ಆದರೆ ಯೋಚಿಸಬೇಕಾದ ಮಾತೂ ಹೌದು. ದ್ವೀಪದ ಮುಖ್ಯ ಪತ್ರಿಕೆಯ ಸಂಪಾದಕರೂ ಅವರೇ, ಶಾಸನಸಭೆಯ ಅಧ್ಯಕ್ಷರೂ ಅವರೇ. ಈಗಿನಂಥ ಪಕ್ಷಗಳು ಆಗ ಅಲ್ಲಿರಲಿಲ್ಲ. ಸಭೆಯನ್ನು ಟೀಕಿಸಬೇಕಾದ ಪತ್ರಿಕೆ ಸಭಾಧ್ಯಕ್ಷರ ಕೈಯಲ್ಲಿದ್ದರೆ ಬೇರೆ ಅಭಿಪ್ರಾಯದವನು ಎಲ್ಲಿ ಬರೆಯಬೇಕು? ಫಿನ್ಲೆಂಡಿನ ಸ್ವಾಯತ್ತತೆಯೇ ಸಾಕು ಎಂದು 1919ರಲ್ಲಿ, 1920ರಲ್ಲಿ ನಂಬಿದ್ದ ಕೆಲವರೂ ದ್ವೀಪದಲ್ಲಿದ್ದರು. ಕೊನೆಗೆ ನಡೆದದ್ದು ಅವರು ಹೇಳಿದಂತೆಯೇ. ಆದರೂ ನೆನಪಿನಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಸಣ್ಣ ಸಮಾಜ ತನ್ನ ಉಳಿವಿಗಾಗಿ ಒಗ್ಗಟ್ಟಾದಾಗ ಅದರೊಳಗಿನ ಒಂಟಿ ದನಿಗಳು ಹೂತುಹೋಗುತ್ತವೆ. ಸುಂಡ್‌ಬ್ಲೂಮ್ ಅವರ ದೊಡ್ಡತನವನ್ನು ಒಪ್ಪುತ್ತಲೇ ಈ ನಷ್ಟವನ್ನೂ ಬರೆದಿಡಬೇಕು.

ಅವರ ಕೊನೆಯ ದೊಡ್ಡ ಪರೀಕ್ಷೆ ಸೈನ್ಯದ ಪ್ರಶ್ನೆ. 1939ರ ಜನವರಿಯಲ್ಲಿ ಫಿನ್ಲೆಂಡ್ ಮತ್ತು ಸ್ವೀಡನ್ ಸೇರಿ, ಯುದ್ಧ ಹತ್ತಿರವಾಗುತ್ತಿದೆ, ಓಲಂಡಿನ ಒಂದು ಭಾಗದಲ್ಲಾದರೂ ರಕ್ಷಣಾ ನೆಲೆ ಕಟ್ಟಬೇಕು ಎಂಬ ಯೋಜನೆ ಮಾಡಿದವು. ಓಲಂಡಿನವರು ವಿರೋಧಿಸಿದರು. ಇಷ್ಟು ವರ್ಷ ಯಾರನ್ನು ತಾಯ್ನಾಡು ಎಂದು ನಂಬಿದ್ದರೋ ಆ ಸ್ವೀಡನ್ನೇ ಈಗ ಎದುರು ಬದಿಯಲ್ಲಿ ನಿಂತಿತ್ತು. ಸೋವಿಯತ್ ಒಕ್ಕೂಟ ಲೀಗಿನಲ್ಲಿ ಒಪ್ಪಿಗೆ ಕೊಡಲಿಲ್ಲ, ಸ್ವೀಡನ್ ಹಿಂದೆ ಸರಿಯಿತು, ಯೋಜನೆ ಬಿದ್ದುಹೋಯಿತು. ನವೆಂಬರ್ ಕೊನೆಗೆ ಸೋವಿಯತ್ ಪಡೆಗಳು ಫಿನ್ಲೆಂಡಿನ ಮೇಲೆ ಎರಗಿದವು. ಫಿನ್ಲೆಂಡ್ ದ್ವೀಪಗಳಿಗೆ ಸೈನ್ಯ ತಂದಿತು. 1940ರ ಅಕ್ಟೋಬರ್‌ನಲ್ಲಿ ಮಾಸ್ಕೋ ಜೊತೆಗಿನ ಹೊಸ ಒಪ್ಪಂದದಿಂದ ಸೈನ್ಯ ಹೊರಟಿತು, ಅದರ ಪಾಲನೆ ನೋಡಲು ಮಾರಿಯೆಹಾಮಿನಲ್ಲಿ ಸೋವಿಯತ್ ಕಾನ್ಸುಲೇಟ್ ಬಂತು. ಯುದ್ಧ ಮತ್ತೆ ಶುರುವಾದಾಗ ಮತ್ತೆ ತೋಪುಗಳು ಬಂದವು. 1944ರಲ್ಲಿ ಮತ್ತೆ ಹೋದವು. ಮುದಿ ಸಭಾಧ್ಯಕ್ಷರು ಇದೆಲ್ಲವನ್ನೂ ಪೀಠದಲ್ಲಿ ಕೂತೇ ನೋಡಿದರು. ಅವರು ತೀರಿಕೊಂಡದ್ದು ಯುದ್ಧ ಮುಗಿದ ವರ್ಷ, ಎಂಬತ್ತರ ಆಸುಪಾಸಿನಲ್ಲಿ.

ಖಾತರಿಗೆ ಕಾವಲಾಗಿದ್ದ ಲೀಗ್ ಕೂಡ ಮರುವರ್ಷ ಮುಚ್ಚಿತು. ಕಾವಲುಗಾರನಿಲ್ಲದ ಕಾಗದ ಉಳಿಯುತ್ತದೆಯೇ ಎಂಬ ಅನುಮಾನಕ್ಕೆ ಉತ್ತರ ಬಂದದ್ದು 1951ರಲ್ಲಿ. ಆ ವರ್ಷ ಮಾಡಿದ, 1952ರಿಂದ ಜಾರಿಗೆ ಬಂದ ಎರಡನೇ ಸ್ವಾಯತ್ತತೆ ಕಾಯ್ದೆ ಓಲಂಡಿನ ಅಧಿಕಾರವನ್ನು ಹೆಚ್ಚಿಸಿತು. ಜಮೀನು ಮತ್ತು ಮತದ ಹಕ್ಕುಗಳನ್ನು ದ್ವೀಪದ ನಿವಾಸಿತನಕ್ಕೆ ಜೋಡಿಸಿತು. ಕಾಯ್ದೆಯನ್ನು ತಿದ್ದಬೇಕಾದರೆ ಫಿನ್ಲೆಂಡಿನ ಸಂಸತ್ತಿನ ಜೊತೆ ಓಲಂಡಿನ ಸಭೆಯೂ ಒಪ್ಪಲೇಬೇಕೆಂಬ ಮೊದಲಿನ ನಿಯಮ ಹಾಗೇ ಉಳಿಯಿತು. ಈಗ ಇರುವುದು 1993ರಿಂದ ಜಾರಿಯಲ್ಲಿರುವ ಮೂರನೇ ಕಾಯ್ದೆ. ಸಭೆಯಲ್ಲಿ 30 ಸದಸ್ಯರು. ಜೂನ್ 9 ದ್ವೀಪದ ಸ್ವಾಯತ್ತತೆ ದಿನ, ರಜೆ. ಸುಂಡ್‌ಬ್ಲೂಮ್ ಶುರು ಮಾಡಿದ ಪತ್ರಿಕೆ ಇನ್ನೂ ಬರುತ್ತಿದೆ. ರಾಜ್ಯಪಾಲರ ನೇಮಕದ ಕಲಮೂ ಬದಲಾಗಿಲ್ಲ. ಫಿನ್ಲೆಂಡಿನ ರಾಷ್ಟ್ರಪತಿ ಹೆಸರು ಗೊತ್ತುಮಾಡುವ ಮೊದಲು ಓಲಂಡಿನ ಸಭಾಧ್ಯಕ್ಷರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಸಿಗದಿದ್ದರೆ ಸಭೆ ಕೊಡುವ ಐದು ಹೆಸರುಗಳಲ್ಲೇ ಆರಿಸಬೇಕು.